ದಣಿವಿಗೆ ಮೊದಲು ಮದ್ದೋ, ಕುಡಿತಕ್ಕೆ ಮೊದಲೋ?

ಸಂಪಿಗೆ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬೇರೆಯವರು ಬರೆದದ್ದನ್ನು ಓದಿ ಸುಮ್ಮನೆ ಹೋಗುತ್ತಿದ್ದೆ. ಇವತ್ತು ನಾನೇ ಕೇಳಬೇಕಾಗಿ ಬಂದಿದೆ.

ನಮ್ಮ ಮನೆಯವರಿಗೆ 41 ವರ್ಷ. ಊರಿನಿಂದ ಹನ್ನೆರಡು ಕಿಲೋಮೀಟರ್ ದೂರದ ಒಂದು ರೆಸಾರ್ಟಿನಲ್ಲಿ ಮ್ಯಾನೇಜರ್. ಹದಿನಾಲ್ಕು ಕೋಣೆಗಳಿವೆ. ಒಂಬತ್ತು ಜನ ಮಾಡುತ್ತಿದ್ದ ಕೆಲಸವನ್ನು ಈಗ ಐದು ಜನ ಮಾಡುತ್ತಿದ್ದಾರೆ. ಬೆಳಿಗ್ಗೆ ಆರಕ್ಕೆ ಹಾಲು ಬಂತೇ ಎಂದು ನೋಡುವುದರಿಂದ ಹಿಡಿದು ನಡುರಾತ್ರಿ ಕ್ಯಾಂಪ್ ಫೈರ್ ಆರಿಸುವವರೆಗೆ ಎಲ್ಲವೂ ಇವರ ತಲೆಯ ಮೇಲೆ. ಊರಿಗೆಲ್ಲ ರಜೆ ಬಂದಾಗ ಇವರಿಗೆ ಕೆಲಸ ಇಮ್ಮಡಿಯಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೂ, ಬಿಸಿನೀರು ಬರದಿದ್ದರೂ, ಯಾರದೋ ಕಾಲಿಗೆ ಜಿಗಣೆ ಹತ್ತಿದರೂ ಫೋನು ಇವರಿಗೇ. ಕಳೆದ ದಸರಾದಲ್ಲಿ ದಶಮಂಟಪ ಹೊರಡುವ ರಾತ್ರಿ ಇಡೀ ಮಡಿಕೇರಿ ಬೀದಿಯಲ್ಲಿತ್ತು. ಅಪ್ಪ ಬರುತ್ತಾರೆ ಎಂದು ಕಾದು ಕಾದು ಮಗಳು ನನ್ನ ಹೆಗಲ ಮೇಲೆಯೇ ನಿದ್ದೆಹೋದಳು. ಇವರು ಆ ಹೊತ್ತಿನಲ್ಲಿ ಅತಿಥಿಗಳ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು.

ಮೊದಲು ಹೀಗಿರಲಿಲ್ಲ. ಬಂದವರನ್ನು ಕೂರಿಸಿಕೊಂಡು, ಮಾಂದಲಪಟ್ಟಿಗೆ ಎಷ್ಟು ಹೊತ್ತಿಗೆ ಹೊರಟರೆ ಮಂಜು ಸಿಗುತ್ತದೆ, ತೀರ್ಥೋದ್ಭವದ ದಿನ ತಲಕಾವೇರಿ ಹೇಗಿರುತ್ತದೆ ಎಂದು ಗಂಟೆಗಟ್ಟಲೆ ಹೇಳುತ್ತಿದ್ದರು. ಈಗ “ಕೀ ಕೊಟ್ಟು ಕಳಿಸಿದರೆ ಸಾಕು, ಅವರ ಮುಖ ನೋಡಲು ಆಗುವುದಿಲ್ಲ” ಎನ್ನುತ್ತಾರೆ.

ಕುಡಿತ ಎರಡು ವರ್ಷದ ಹಿಂದೆ ಶನಿವಾರಗಳಿಗೆ ಮಾತ್ರ ಇತ್ತು. ಈಗ ದಿನವೂ ಇದೆ, ಕ್ವಾರ್ಟರಿಗಿಂತ ಹೆಚ್ಚು. ಮೊನ್ನೆ ಬಚ್ಚಲಮನೆಯ ಸೌದೆಯ ಹಿಂದೆ ಟೆಟ್ರಾ ಪ್ಯಾಕೆಟ್‌ಗಳು ಸಿಕ್ಕವು. ಬೆಳಿಗ್ಗೆ ಕಾಫಿ ಲೋಟ ಹಿಡಿಯುವಾಗ ಕೈ ನಡುಗುತ್ತದೆ. ರಾತ್ರಿ ಮಲಗಿದ ತಕ್ಷಣ ನಿದ್ದೆ, ಆದರೆ ಮೂರು ಗಂಟೆಗೆ ಎದ್ದು ಜಗಲಿಯಲ್ಲಿ ಕುಳಿತಿರುತ್ತಾರೆ. ಕೇಳಿದರೆ, “ಕುಡಿಯದಿದ್ದರೆ ನಿದ್ದೆ ಇಲ್ಲ, ನಿದ್ದೆ ಇಲ್ಲದಿದ್ದರೆ ನಾಳೆಯ ಕೆಲಸ ಇಲ್ಲ” ಎನ್ನುತ್ತಾರೆ. ಅತ್ತೆಯವರು ಎಲ್ಲಕ್ಕೂ ಕುಡಿತವೇ ಕಾರಣ ಎನ್ನುತ್ತಾರೆ. ಇವರು ಎಲ್ಲಕ್ಕೂ ದಣಿವೇ ಕಾರಣ ಎನ್ನುತ್ತಾರೆ. ಇಬ್ಬರ ನಡುವೆ ನಾನು ನಿಂತಿದ್ದೇನೆ. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಯೊಂದಿದೆ, ತರಿಸಿಕೊಡುತ್ತೇನೆ ಎಂದು ಪಕ್ಕದ ಮನೆಯವರು ಹೇಳಿದ್ದಾರೆ. ಮುಂದಿನ ತಿಂಗಳು ಹತ್ತಿರದ ಸಂಬಂಧದಲ್ಲಿ ಮದುವೆಯೂ ಇದೆ.

ಯಾವುದಕ್ಕೆ ಮೊದಲು ಮದ್ದು ಮಾಡಿಸಬೇಕು? ರಜೆ ಹಾಕಿಸಿ ವಿಶ್ರಾಂತಿ ಕೊಡಿಸಿದರೆ ಕುಡಿತ ತಾನಾಗಿ ಬಿಡುತ್ತದೆಯೇ? ಅಥವಾ ಕುಡಿತ ಬಿಡಿಸಿದರೆ ದಣಿವು ಹೋಗುತ್ತದೆಯೇ?

ಹಾರಂಗಿ, ಕುಶಾಲನಗರ

ಅಕ್ಕ, ಮನಸ್ಸು ಗಟ್ಟಿ ಮಾಡಿದರೆ ಆಗದ್ದಿಲ್ಲ. ನಮ್ಮ ತಂದೆ ಒಂದೇ ದಿನದಲ್ಲಿ ಬಿಟ್ಟರು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಿನಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ, ಅಂಥ ಒಂದು ಶಿಬಿರಕ್ಕೆ ಹೋಗಿ ಬಂದ ಮೇಲೆ ಮತ್ತೆ ಮುಟ್ಟಲಿಲ್ಲ. ಮನೆಯಲ್ಲಿರುವುದನ್ನೆಲ್ಲ ಇವತ್ತೇ ಚರಂಡಿಗೆ ಸುರಿಯಿರಿ. ಕೈಗೆ ಸಿಗದಿದ್ದರೆ ಕುಡಿಯುವುದು ಹೇಗೆ?

ಹಳೆಯ ರೈಟರ್, ಸಿದ್ದಾಪುರ

ತಂಗಿ, ಸುರಿಯುವುದನ್ನು ಮಾತ್ರ ಇವತ್ತು ಮಾಡಬೇಡಿ. ಬೆಳಿಗ್ಗೆ ಕೈ ನಡುಗುತ್ತದೆ ಎಂದು ಬರೆದಿದ್ದೀರಿ. ಆ ಒಂದು ಸಾಲಿಗಾಗಿ ನಾನು ಇಷ್ಟು ಹೊತ್ತಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ನಾನು ಈ ಕಡೆಯ ಒಂದು ಕಾಫಿ ತೋಟದಲ್ಲಿ 19 ವರ್ಷ ರೈಟರ್ ಆಗಿದ್ದೆ. ಹೊರಗಿನವರು ರೈಟರ್ ಎಂದರೆ ಬರಿಯ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್ ಬರೆಯುವವನು ಎಂದುಕೊಳ್ಳುತ್ತಾರೆ. ಬೆಳಿಗ್ಗೆ ಹಾಜರಿ, ಸಂಜೆ ಕೊಯ್ದ ಹಣ್ಣಿನ ತೂಕ, ರಾತ್ರಿ ಕಣದಲ್ಲಿ ಹರಡಿದ ಕಾಫಿಯ ಕಾವಲು, ವಾರಕ್ಕೊಮ್ಮೆ ಬಟವಾಡೆ, ಕೆಲಸಗಾರರ ಲೈನ್ ಮನೆಯಲ್ಲಿ ಯಾರಿಗೋ ಹೆರಿಗೆ ನೋವು ಬಂದರೆ ಜೀಪು, ಆನೆ ಬಂದರೆ ಪಟಾಕಿ ಮತ್ತು ಅರಣ್ಯ ಇಲಾಖೆಗೆ ಫೋನು. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್. ಅದು ಮುಗಿಯುವ ಮೊದಲೇ ಕರಿಮೆಣಸು. ಹೂಮಳೆ ಸಮಯಕ್ಕೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಹಗಲು ರಾತ್ರಿ ಎನ್ನದೆ ಪೈಪು ಬದಲಿಸಬೇಕು. ಹೂ ಅರಳಿ ಎರಡು ಮೂರು ವಾರಕ್ಕೆ ಮತ್ತೆ ನೀರು ಕೊಡದಿದ್ದರೆ ಕಾಯಿ ನಿಲ್ಲುವುದಿಲ್ಲ. ರೊಬಸ್ಟಾ ಹೂ ಅರಳಿದ ಬೆಳಗ್ಗೆ ತೋಟವೆಲ್ಲ ಬಿಳಿಯಾಗಿ, ಮಲ್ಲಿಗೆಯಂಥ ಪರಿಮಳ ಬೆಟ್ಟದ ತುದಿಯವರೆಗೂ ಇರುತ್ತದೆ. ಕೊನೆಯ ಮೂರು ವರ್ಷ ಆ ಪರಿಮಳ ಬಂದಾಗ ನನಗೆ ಹೊಟ್ಟೆ ತೊಳೆಸುತ್ತಿತ್ತು, ಏಕೆಂದರೆ ಅದರ ಹಿಂದೆಯೇ ಪಂಪಿನ ಸದ್ದು ಕೇಳುತ್ತಿತ್ತು. ನಿಮ್ಮವರು ಅತಿಥಿಗಳ ಮುಖ ನೋಡಲಾಗುವುದಿಲ್ಲ ಎಂದರಲ್ಲ, ಅದನ್ನು ಓದಿ ನನಗೆ ಈ ಹೂವು ನೆನಪಾಯಿತು.

2018ರ ಆಗಸ್ಟಿನ ಮಳೆಯಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆಯವರ ತೋಟಗಳು ಮನೆಗಳ ಸಮೇತ ಜಾರಿಹೋದವು. ನಮ್ಮ ತೋಟ ಜಾರಲಿಲ್ಲ, ಆದರೆ ಗಿಡದಲ್ಲಿದ್ದ ಕಾಯಿ ಕೊಳೆತು ಉದುರಿತು. ಮರುವರ್ಷ ಆಗಸ್ಟಿನಲ್ಲಿ ಕಾವೇರಿ ಕರಡಿಗೋಡಿನ ಮನೆಗಳಿಗೆ ನುಗ್ಗಿತು. ನಮ್ಮಲ್ಲಿ ಕೊಯ್ಲಿಗೆ ಬರುತ್ತಿದ್ದ ಹೆಂಗಸರು ಪರಿಹಾರ ಕೇಂದ್ರದಲ್ಲಿದ್ದರು. ಸಾಹುಕಾರರು ಇದ್ದದ್ದು ಬೆಂಗಳೂರಿನಲ್ಲಿ. ರಾತ್ರಿ ಹತ್ತಕ್ಕೆ ಫೋನು ಬರುತ್ತಿತ್ತು. ಇಳುವರಿ ಏಕೆ ಇಳಿಯಿತು ಎಂಬುದಕ್ಕೆ ಮಳೆಯ ಪರವಾಗಿ ನಾನು ಲೆಕ್ಕ ಕೊಡಬೇಕಿತ್ತು.

ನಮ್ಮ ಹಬ್ಬಗಳಾದ ಹುತ್ತರಿಗೆ, ಕೈಲ್‌ಪೊಳ್ದಿಗೆ, ಮದುವೆಗೆ ನಾನು ಮೊದಲಿನಿಂದಲೂ ಕುಡಿಯುತ್ತಿದ್ದವನೇ. ನಮ್ಮಲ್ಲಿ ಹಿರಿಯರಿಗೆ ಇಡುವ ಎಡೆಯಲ್ಲೂ ಅದು ಇರುತ್ತದೆ. ಆದರೆ 2018ರ ನಂತರ ಒಬ್ಬನೇ ಕುಳಿತು ಕುಡಿಯತೊಡಗಿದೆ. ಆ ಕೆಲಸದಲ್ಲಿ “ಇವತ್ತಿಗೆ ಮುಗಿಯಿತು, ಮನೆಗೆ ಹೋಗು” ಎಂದು ಹೇಳುವವರು ಯಾರೂ ಇರಲಿಲ್ಲ. ಕ್ವಾರ್ಟರ್ ಹೇಳುತ್ತಿತ್ತು. ಮೊದಲ ಗುಟುಕಿಗೆ ಭುಜ ಸಡಿಲವಾಗುತ್ತಿತ್ತು, ತಲೆಯೊಳಗಿನ ತೂಕದ ಲೆಕ್ಕ ನಿಲ್ಲುತ್ತಿತ್ತು. ಆ ನೆಮ್ಮದಿ ಸುಳ್ಳು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ನಿಮ್ಮವರಿಗೂ ಹಾಗೆ ಹೇಳಬೇಡಿ, ನಂಬುವುದಿಲ್ಲ. ಆದರೆ ಮೂರು ಗಂಟೆಗೆ ಎಚ್ಚರವಾಗುವುದು ಅದೇ ನೆಮ್ಮದಿಗೆ ತೆರುವ ಬಡ್ಡಿ. ವೈದ್ಯರು ನನಗೆ ಬಿಡಿಸಿ ಹೇಳಿದರು: ಮದ್ಯ ಬೇಗ ನಿದ್ದೆ ತರಿಸುತ್ತದೆ, ಅದರ ಅಮಲು ಇಳಿಯುತ್ತಿದ್ದಂತೆ ಮಿದುಳು ಕೆರಳುತ್ತದೆ, ರಾತ್ರಿಯ ಎರಡನೆಯ ಅರ್ಧದ ನಿದ್ದೆ ಚೂರುಚೂರಾಗುತ್ತದೆ. ದಣಿವು ಕಳೆಯುವ ನಿದ್ದೆ ಸಿಗುವುದೇ ಇಲ್ಲ. ಬೆಳಿಗ್ಗೆ ಇನ್ನಷ್ಟು ದಣಿದು ಏಳುತ್ತೇವೆ, ಸಂಜೆ ಇನ್ನಷ್ಟು ಬೇಕಾಗುತ್ತದೆ. ನಿಮ್ಮ ಅತ್ತೆಯವರು ಹೇಳುವುದೂ ನಿಜ, ನಿಮ್ಮವರು ಹೇಳುವುದೂ ನಿಜ. ಇಬ್ಬರೂ ಒಂದೇ ಗಾಣದ ಎರಡು ಕಡೆ ನಿಂತು ನೋಡುತ್ತಿದ್ದಾರೆ.

ಈಗ ಸುರಿಯಬೇಡಿ ಎಂದದ್ದು ಏಕೆ ಎಂದು ಹೇಳುತ್ತೇನೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು, ಮದ್ಯದಂಗಡಿಗಳು ಮುಚ್ಚಿದವು. ಮತ್ತೆ ತೆರೆದದ್ದು ಮೇ 4ಕ್ಕೆ. ನನ್ನಲ್ಲಿದ್ದದ್ದು ಎರಡು ದಿನಕ್ಕೆ ಮುಗಿಯಿತು. ಒಳ್ಳೆಯದೇ ಆಯಿತು, ಈ ನೆಪದಲ್ಲಿ ಬಿಡುತ್ತದೆ ಎಂದು ಹೆಂಡತಿ ದೇವರಿಗೆ ದೀಪ ಹಚ್ಚಿದಳು. ಮರುದಿನ ಕೈ ನಡುಗಿತು, ಬೆವರು ಬಂತು, ಅನ್ನ ಸೇರಲಿಲ್ಲ. ಮೂರನೆಯ ರಾತ್ರಿ ನಾನು ಅಂಗಳದಲ್ಲಿ ಆನೆಗಳನ್ನು ಕಂಡೆ. ನಾಲ್ಕು ದೊಡ್ಡವು, ಒಂದು ಮರಿ. ಬಾಗಿಲು ಹಾಕಿ, ದೀಪ ಆರಿಸಿ ಎಂದು ಕೂಗಿದೆ. ಸಿದ್ದಾಪುರದಲ್ಲಿ ಅಂಗಳಕ್ಕೆ ಆನೆ ಬಂತು ಎಂದರೆ ಯಾರೂ ಅನುಮಾನಪಡುವುದಿಲ್ಲ. ಹೆಂಡತಿ, ಮಗ ಇಬ್ಬರೂ ನಂಬಿದರು. ಮೂವರೂ ಕತ್ತಲಲ್ಲಿ ಒಂದು ಗಂಟೆ ಉಸಿರು ಬಿಗಿಹಿಡಿದು ಕುಳಿತಿದ್ದೆವು. ಆಮೇಲೆ ನಾನು, ಮರಿ ಒಳಗೆ ಬಂದಿದೆ, ಅಡುಗೆಮನೆಯಲ್ಲಿದೆ ಎಂದೆನಂತೆ. ಮಗ ಟಾರ್ಚ್ ಹಾಕಿ ಅಂಗಳ ನೋಡಿದ. ಹೆಜ್ಜೆ ಇರಲಿಲ್ಲ, ಲದ್ದಿ ಇರಲಿಲ್ಲ, ಬಾಳೆಗಿಡ ನಿಂತಹಾಗೆಯೇ ಇತ್ತು. ಆಗ ಅವನಿಗೆ ಅರ್ಥವಾಯಿತು. ತೋಟದ ಜೀಪಿನಲ್ಲಿ ಪೊಲೀಸರಿಗೆ ಹೇಳಿಕೊಂಡು ಆಸ್ಪತ್ರೆಗೆ ಒಯ್ದರು. ಅಷ್ಟರಲ್ಲಿ ಒಮ್ಮೆ ಫಿಟ್ಸ್ ಬಂದಿತ್ತು. ಇನ್ನೂ ತಡವಾಗಿದ್ದರೆ ಜೀವ ಹೋಗುತ್ತಿತ್ತು ಎಂದು ವೈದ್ಯರು ಹೆಂಡತಿಗೆ ಹೇಳಿದರು.

ಒಂಬತ್ತು ದಿನಕ್ಕೆ ಮನೆಗೆ ಬಂದೆ. ಆರು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಎಲ್ಲರೂ ಗೆದ್ದೆ ಎಂದರು. ನಾನೂ ಹಾಗೆಯೇ ತಿಳಿದು ಅದೇ ತೋಟಕ್ಕೆ, ಅದೇ ಕುರ್ಚಿಗೆ, ಅದೇ ಹತ್ತು ಗಂಟೆಯ ಫೋನಿಗೆ ಹಿಂದಿರುಗಿದೆ. ಡಿಸೆಂಬರಿನಲ್ಲಿ ಕೊಯ್ಲು ಬಿಗಿಯಾಯಿತು. ಅಸ್ಸಾಮಿನಿಂದ ಬಂದಿದ್ದ ಕೆಲಸಗಾರರಲ್ಲಿ ಅರ್ಧ ಜನ ಒಂದೇ ರಾತ್ರಿ ಬೇರೆ ತೋಟಕ್ಕೆ ಹೋದರು. ಅವತ್ತೇ ಸಂಜೆ ಕುಡಿದೆ. ಹದಿನೈದು ದಿನದಲ್ಲಿ ಮೊದಲಿಗಿಂತ ಹೆಚ್ಚಾಯಿತು. ಆಗ ನನ್ನನ್ನು ನಾನು ಬಹಳ ಹೀನವಾಗಿ ಬೈದುಕೊಂಡೆ. ಅದಕ್ಕೆ ಈಗ ದುಃಖವಾಗುತ್ತದೆ. ಕುಡಿತಕ್ಕೆ ಚಿಕಿತ್ಸೆ ಆಗಿತ್ತು, ನನ್ನನ್ನು ಕುಡಿತದ ಕಡೆಗೆ ದೂಡಿದ ದಿನಚರಿಗೆ ಯಾರೂ ಕೈ ಹಾಕಿರಲಿಲ್ಲ.

ಎರಡನೆಯ ಸಲ ಮೈಸೂರಿನ ಒಂದು ಆಸ್ಪತ್ರೆಗೆ ಹೋದೆ. ಅಲ್ಲಿನ ಆಪ್ತ ಸಮಾಲೋಚಕರು ಹೇಳಿದ ಒಂದು ಸಂಗತಿ ಮನಸ್ಸಿನಲ್ಲಿ ನಿಂತಿದೆ. ಬರ್ನ್‌ಔಟ್ ಎಂಬ ಮಾತನ್ನು ಕೆಲಸದ ದಣಿವಿಗೆ ಹಚ್ಚಿ 1974ರಲ್ಲಿ ಬರೆದವರು ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು. ಹಗಲು ತಮ್ಮ ವೃತ್ತಿ ಮುಗಿಸಿ, ಸಂಜೆಯಿಂದ ರಾತ್ರಿಯವರೆಗೆ ಉಚಿತ ಚಿಕಿತ್ಸಾ ಕೇಂದ್ರದಲ್ಲಿ ದುಡಿಯುತ್ತಿದ್ದರು, ಅಲ್ಲಿಗೆ ಬರುತ್ತಿದ್ದವರಲ್ಲಿ ಮಾದಕ ವ್ಯಸನಿಗಳು ಬಹಳ. ಮಾದಕ ವಸ್ತುವಿನಿಂದ ಸುಟ್ಟು ಬರಿದಾದವರನ್ನು ಕುರಿತು ಅಲ್ಲಿನ ಬೀದಿಗಳಲ್ಲಿ ಆಡುತ್ತಿದ್ದ ಮಾತು ಅದು. ಚಿಕಿತ್ಸೆ ಕೊಡುವವರೂ ಹಾಗೆಯೇ ಬರಿದಾಗುತ್ತಿರುವುದನ್ನು ಕಂಡು, ತಮ್ಮನ್ನೂ ಸೇರಿಸಿಕೊಂಡು, ಅದೇ ಮಾತನ್ನು ಬಳಸಿದರು. ಮೇಜಿನ ಆಚೆ ಕುಳಿತವನಿಗೂ ಈಚೆ ಕುಳಿತವನಿಗೂ ಒಂದೇ ಹೆಸರು. ನಾನು ಎರಡೂ ಕಡೆ ಕುಳಿತವನು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮೊದಲ ಹತ್ತು ದಿನ ಕುಡಿತಕ್ಕೆ ಕೊಡಿ, ವೈದ್ಯರ ಕೈಯಲ್ಲಿ. ಹನ್ನೊಂದನೆಯ ದಿನ ಅವರು ಯಾವ ಕೆಲಸಕ್ಕೆ, ಎಷ್ಟು ಗಂಟೆಗೆ ಹಿಂದಿರುಗುತ್ತಾರೆ ಎಂಬುದನ್ನು ಆ ಹತ್ತು ದಿನದೊಳಗೇ ತೀರ್ಮಾನಿಸಿ. ಬರಿಯ ರಜೆ ಸಾಲದು. ರಜೆಯಲ್ಲಿ ಮನೆಯಲ್ಲಿ ಕುಳಿತು ಕುಡಿದವನು ನಾನು. ನಾನು ಸಾಹುಕಾರರಲ್ಲಿ ಮೂರು ಕೇಳಿದೆ: ರಾತ್ರಿ ಎಂಟರ ನಂತರ ಫೋನು ಬೇಡ, ಪಂಪಿಗೆ ಇನ್ನೊಬ್ಬ ಆಳು, ಭಾನುವಾರ ಪೂರ್ತಿ ರಜೆ. ಒಪ್ಪಿದರು, ಮೂರು ವಾರ ನಡೆಯಿತು. ಆಮೇಲೆ ಬಿಟ್ಟುಬಂದೆ. ಈಗ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಒಂಬತ್ತರಿಂದ ಐದೂವರೆ, ಸಂಬಳ ಆರು ಸಾವಿರ ಕಡಿಮೆ. ಹೆಂಡತಿ ಒಂದು ಸಲವೂ ಆ ಆರು ಸಾವಿರದ ಮಾತೆತ್ತಿಲ್ಲ. ಕಳೆದ ವರ್ಷ ಹೂ ಅರಳಿದಾಗ ಬಸ್ಸಿನ ಕಿಟಕಿಯಿಂದ ಆ ಪರಿಮಳ ಬಂತು. ಕಿಟಕಿ ಮುಚ್ಚಲಿಲ್ಲ.

ಸ್ಟಾಫ್ ನರ್ಸ್, ವಿರಾಜಪೇಟೆ

ರೈಟರ್ ಅಣ್ಣ ಬರೆದ ಆನೆಗಳನ್ನು ನಾನು ವಾರ್ಡಿನಲ್ಲಿ ಬೇರೆ ಬೇರೆ ರೂಪದಲ್ಲಿ ನೋಡಿದ್ದೇನೆ: ಹಾವು, ಇರುವೆ, ಸತ್ತುಹೋದ ತಾಯಿ. ದಿನವೂ ಹೆಚ್ಚು ಕುಡಿಯುವವರು ಹಠಾತ್ತಾಗಿ ನಿಲ್ಲಿಸಿದರೆ ನಡುಕ ಕೆಲವೇ ಗಂಟೆಗಳಲ್ಲಿ ಶುರುವಾಗಬಹುದು, ಫಿಟ್ಸ್ ಬರುವ ಅಪಾಯ ಮೊದಲ ಎರಡು ದಿನ ಹೆಚ್ಚು, ಸನ್ನಿ ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ. ವೈದ್ಯರು ಕೆಲವು ದಿನ ಮಾತ್ರೆ ಕೊಟ್ಟು, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ ಕೊಡುತ್ತಾರೆ. ಅದರ ಕೊರತೆಯಿಂದ ನೆನಪಿಗೆ ಶಾಶ್ವತ ಹಾನಿ ಆಗಬಹುದು. ಆದ್ದರಿಂದ ವೈದ್ಯರನ್ನು ಕಾಣುವವರೆಗೆ ಒಮ್ಮೆಲೇ ನಿಲ್ಲಿಸುವುದು ಬೇಡ.

ಆ ಪುಡಿಯ ವಿಷಯ. ಅಕ್ಕ, ದಯವಿಟ್ಟು ಬೆರೆಸಬೇಡಿ. ಅಂಥ ಪುಡಿಗಳಲ್ಲಿ ಏನಿದೆ ಎಂದು ಹೇಳಲಾಗದು. ಡೈಸಲ್ಫಿರಾಮ್ ಎಂಬ ಔಷಧಿ ಇದ್ದರೆ, ಅದು ದೇಹದಲ್ಲಿರುವಾಗ ಕುಡಿದವರಿಗೆ ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ವೈದ್ಯರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಮಾತ್ರ. ಮೇಲಾಗಿ, ಮುಂದೊಂದು ದಿನ ಗೊತ್ತಾದರೆ ನೀವು ಬಡಿಸಿದ ಅನ್ನವನ್ನು ಅವರು ನಂಬುವುದಿಲ್ಲ. ಕುಡಿಯುವ ತುಡಿತವನ್ನೇ ತಗ್ಗಿಸುವ ನ್ಯಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಿಗಳೂ ಇವೆ. ಯಾವುದು ಸರಿ ಎಂಬುದನ್ನು ಯಕೃತ್ತು, ಮೂತ್ರಪಿಂಡದ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ನೀವು ಬರೆದ ಮೂರು ಸಂಗತಿಗಳಲ್ಲಿ, ಅಂದರೆ ಬಳಲಿಕೆ, ಅತಿಥಿಗಳ ಮುಖವೇ ಬೇಡವೆನಿಸುವುದು, ಮೊದಲಿನಂತೆ ಕೆಲಸ ಮಾಡಲಾಗದಿರುವುದು, ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಎಂದು ಹೇಳುವುದರ ಮೂರೂ ಲಕ್ಷಣಗಳಿವೆ. ಆದರೆ 2022ರಿಂದ ಜಾರಿಯಲ್ಲಿರುವ ಅವರ ರೋಗಗಳ ಪಟ್ಟಿಯ 11ನೆಯ ಆವೃತ್ತಿಯಲ್ಲಿ ಅದನ್ನು ರೋಗ ಎಂದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಎಂದಿದೆ. ಮದ್ಯದ ಅವಲಂಬನೆಯನ್ನು ಮಾತ್ರ ಕಾಯಿಲೆ ಎಂದೇ ಸೇರಿಸಿದೆ. ಅಂದರೆ ಒಂದಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ, ಇನ್ನೊಂದು ಸರಿಯಾಗಬೇಕಾದದ್ದು ಹೆಚ್ಚಾಗಿ ಕೆಲಸದ ಜಾಗದಲ್ಲಿ. ಇವೆರಡರ ಮರೆಯಲ್ಲಿ ಖಿನ್ನತೆಯೂ ಇರಬಹುದು, ಅದನ್ನೂ ಕೇಳಿ ಪರೀಕ್ಷಿಸಿಕೊಳ್ಳಿ. ಸಾಯುವ ಮಾತು ಆಡಿದರೆ ಒಂದು ದಿನವೂ ಕಾಯಬೇಡಿ.

ಆಸ್ಪತ್ರೆಯಲ್ಲಿ ಕುಡಿತ ಎಷ್ಟಿದೆ ಎಂದು ಅಳೆಯಲು ಆಡಿಟ್ ಎಂಬ ಹತ್ತು ಪ್ರಶ್ನೆಗಳನ್ನು ಕೇಳಬಹುದು. ಒಟ್ಟು 40 ಅಂಕ; 8 ಅಥವಾ ಹೆಚ್ಚು ಬಂದರೆ ಎಚ್ಚರಿಕೆ, 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇದೆಯೇ ಎಂದು ಸರಿಯಾಗಿ ನೋಡಬೇಕು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಹೋಗಿ. ಅದಕ್ಕೂ ಮೊದಲು ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಕ್ಕೆಂದೇ 14446 ಇದೆ. ಎರಡಕ್ಕೂ ಹಣವಿಲ್ಲ.

ಹಾರಂಗಿ, ಕುಶಾಲನಗರ

ಅಕ್ಕ, ಸುರಿಯಿರಿ ಎಂದದ್ದಕ್ಕೆ ಕ್ಷಮಿಸಿ. ನಮ್ಮ ತಂದೆ ಕುಡಿಯುತ್ತಿದ್ದದ್ದು ಸಂತೆಯ ದಿನ ಮಾತ್ರ, ಅವರ ಕೈ ಎಂದೂ ನಡುಗಿರಲಿಲ್ಲ. ಬರೆಯುವಾಗ ಅದು ಹೊಳೆಯಲಿಲ್ಲ.

ಸಂಪಿಗೆ, ಮಡಿಕೇರಿ

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ರೈಟರ್ ಅಣ್ಣ ಬರೆದದ್ದನ್ನು ನಾನು ಓದಿ ಹೇಳಲಿಲ್ಲ, ಮೊಬೈಲನ್ನು ಅವರ ದಿಂಬಿನ ಪಕ್ಕ ಇಟ್ಟು ಮಲಗಿದೆ. ಮೂರು ಗಂಟೆಗೆ ಎದ್ದಾಗ ಓದಿದ್ದಾರೆ. ಬೆಳಿಗ್ಗೆ, “ಆ ಅಂಗಳದಲ್ಲಿ ಹೆಜ್ಜೆ ಇರಲಿಲ್ಲವಂತೆ” ಎಂದಷ್ಟೇ ಹೇಳಿದರು. ಮರುದಿನ ತಾವೇ ಆಸ್ಪತ್ರೆಗೆ ಹೊರಟರು. ಹತ್ತು ಪ್ರಶ್ನೆಗಳಿಗೂ ನನ್ನ ಎದುರೇ ಉತ್ತರ ಕೊಟ್ಟರು. 24 ಬಂತು. ಆರು ದಿನ ಅಲ್ಲೇ ಇಟ್ಟುಕೊಂಡರು, ಈಗ ಮನೆಯಲ್ಲಿದ್ದಾರೆ. ನಡುಕ ನಿಂತಿದೆ. ನಿದ್ದೆ ಇನ್ನೂ ಸರಿಯಾಗಿಲ್ಲ, ಅದಕ್ಕೆ ವಾರಗಳೇ ಬೇಕಾಗಬಹುದು ಎಂದಿದ್ದಾರೆ.

ಮಾಲೀಕರ ಹತ್ತಿರ ಇಬ್ಬರೂ ಹೋಗಿ ಮಾತನಾಡಿದೆವು. ರಾತ್ರಿ ಪಾಳಿಗೆ ಬೇರೆ ಹುಡುಗನನ್ನು ಹಾಕಲು ಒಪ್ಪಿದ್ದಾರೆ, ವಾರದ ರಜೆಯ ಬಗ್ಗೆ ಇನ್ನೂ ಹೇಳಿಲ್ಲ. ತಿಂಗಳೊಳಗೆ ಆಗದಿದ್ದರೆ ಬಿಡುವುದು ಎಂದು ನಾವಿಬ್ಬರೇ ಮಾತನಾಡಿಕೊಂಡಿದ್ದೇವೆ. ಪುಡಿ ತರಿಸಲಿಲ್ಲ.

ಒಂದೇ ಅಳುಕು ಉಳಿದಿದೆ. ಮದುವೆ ಬರುವ ಭಾನುವಾರ. ಹೋಗದಿದ್ದರೆ ಹತ್ತು ಮಾತು, ಹೋದರೆ ಹತ್ತು ಲೋಟ. ಅಣ್ಣ, ನೀವು ಏನು ಮಾಡುತ್ತಿದ್ದಿರಿ?

ಹಳೆಯ ರೈಟರ್, ಸಿದ್ದಾಪುರ

ಮೊದಲ ವರ್ಷ ನಾನು ಮೂರು ಮದುವೆ ತಪ್ಪಿಸಿದೆ. ಯಾರೂ ಸಂಬಂಧ ಕಡಿದುಕೊಳ್ಳಲಿಲ್ಲ. ಇದು ಬಹಳ ಹತ್ತಿರದ್ದು ಎಂದಿರಿ, ಹಾಗಾದರೆ ಹಗಲು ಹೋಗಿ, ಮುಹೂರ್ತ ನೋಡಿ, ಮಧ್ಯಾಹ್ನದ ಊಟ ಮುಗಿಸಿ ಬಂದುಬಿಡಿ. ರಾತ್ರಿ ಉಳಿಯಬೇಡಿ. ಹಸಿದ ಹೊಟ್ಟೆಯಲ್ಲಿ ಮಂಟಪಕ್ಕೆ ಕಾಲಿಡಬೇಡಿ. ನಾನು ಹೋದ ತಕ್ಷಣ ಪ್ಯಾಷನ್ ಫ್ರೂಟ್ ಶರಬತ್ತಿನ ಲೋಟ ತೆಗೆದುಕೊಂಡು ಕೈಯಲ್ಲೇ ಇಟ್ಟುಕೊಳ್ಳುತ್ತೇನೆ, ಖಾಲಿ ಮಾಡುವುದಿಲ್ಲ. ಒತ್ತಾಯ ಮಾಡುವವರಿಗೆ “ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ” ಎಂದರೆ ಸಾಕು, ಅದು ನಿಜವೂ ಹೌದು. ಅಲ್ಲಿಗೆ ಹೋಗುವ ಮೊದಲೇ ಅವರ ಕಡೆಯ ಒಬ್ಬ ಹಿರಿಯರಿಗೆ ವಿಷಯ ತಿಳಿಸಿಡಿ, ಲೋಟ ತಂದವನನ್ನು ಅವರೇ ಕಳಿಸುತ್ತಾರೆ.

ಮದುವೆ ಎಲ್ಲಿ? ಭಾನುವಾರ ನನಗೆ ರಜೆ. ಸಿದ್ದಾಪುರದಿಂದ ಮಡಿಕೇರಿಗೆ ಬೆಳಿಗ್ಗೆ ಬಸ್ಸಿದೆ. ನಿಮ್ಮವರು ಒಪ್ಪಿದರೆ ಬಂದು ಪಕ್ಕದಲ್ಲಿ ಕುಳಿತು ಊಟ ಮಾಡಿ ಹೋಗುತ್ತೇನೆ.